ನಾನು ಹೊಗಳಿದ ಒಂದೆಲಗ

ಅಕ್ಕ ಒಂದೇ ರವಿಕೆಗೆ ಎರಡು ಎಡತೋಳು ಹಚ್ಚಿದ್ದಳು. ಹಳೇ ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಹೊಲಿದ ಗಿರಿಜಕ್ಕ ಅಂಥ ತಪ್ಪು ಮಾಡಿದವಳಲ್ಲ. ಮೂರು ವಾರದಿಂದ ಸಣ್ಣ ಜ್ವರ, ತಲೆನೋವು. "ಪಿತ್ತ ಆಗೇದ" ಎಂದು ಲಿಂಬೂ ಶರಬತ್ತು ಕುಡಿದು ಮಷಿನ್ ತುಳಿಯುತ್ತಿದ್ದಳು. ಮರುದಿನ ವಾಂತಿ. ಸಂಜೆ ನನ್ನನ್ನೇ ಯಾರೆಂದು ಕೇಳಿದಳು.

ಆಸ್ಪತ್ರೆಯಲ್ಲಿ ಹೇಳಿದರು: ಟಿ.ಬಿ. ಮೆನಿಂಜೈಟಿಸ್, ಮಿದುಳಿನ ಪೊರೆಗೆ ತಗುಲಿದ ಕ್ಷಯ.

ಟಿ.ಬಿ.ಗೆ ಬೇರೆ ಗುಳಿಗೆ, ಮಿದುಳಿನ ಉರಿಯೂತ ಇಳಿಸಲು ಸ್ಟೆರಾಯ್ಡ್. ಅಕ್ಕ ಚೇತರಿಸಿಕೊಂಡು ಮನೆಗೆ ಬಂದಳು. ಆದರೆ ಸ್ಟೆರಾಯ್ಡ್‌ನಿಂದ ಮುಖ ಊದಿತು. ರವಿಕೆ ಒಯ್ಯಲು ಬಂದ ಹೆಂಗಸರು ಗುರುತು ಹಿಡಿಯಲಿಲ್ಲ. ಅಕ್ಕ ಕನ್ನಡಿಯನ್ನು ಗೋಡೆಗೆ ತಿರುಗಿಸಿ ಇಟ್ಟಳು.

ನಾನಾಗ ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಒಂದೆಲಗದ ಎಲೆಯಿಂದ ತೆಗೆದ ಸಾರವನ್ನು ಇಲಿಯ ಮಿದುಳಿನ ಕೋಶಗಳ ಮೇಲೆ ಹಾಕಿ, ಉರಿಯೂತ ಇಳಿಯುತ್ತದೆಯೋ ಎಂದು ನೋಡುವ ಕೆಲಸ. ಇಳಿಯುತ್ತಿತ್ತು ಕೂಡ. ಆ ಖುಷಿ ನನ್ನ ನೆತ್ತಿಗೇರಿತ್ತು. ಅಕ್ಕನನ್ನು ಸಮಾಧಾನ ಮಾಡುವ ನೆಪದಲ್ಲಿ ಬಡಾಯಿ ಕೊಚ್ಚಿಕೊಂಡೆ.

"ನಮ್ಮ ಲ್ಯಾಬಿನ್ಯಾಗ ಒಂದೆಲಗ ಹಾಕಿದ್ರ ಮಿದುಳಿನ ಬಾವು ಹೆಂಗ ಇಳೀತದ ಗೊತ್ತೇನು?"

"ಖರೇನ?"

"ಖರೇ ಅಕ್ಕಾ."

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶ ಎನ್ನಲಿಲ್ಲ. ಮನುಷ್ಯರಿಗೆ ಕೊಟ್ಟು ನೋಡಿಲ್ಲ ಎನ್ನಲಿಲ್ಲ. ಅಷ್ಟು ಹೇಳಿದ್ದರೆ ನನ್ನ ದೊಡ್ಡಸ್ತಿಕೆ ಅಲ್ಲಿಗೇ ಮುಗಿಯುತ್ತಿತ್ತು.

ಹತ್ತು ದಿನ ಕಳೆದಿರಬೇಕು. ಪಕ್ಕದ ಮನೆಯ ಕಾಕಾ ಎಸ್‌ಟಿಡಿ ಬೂತಿನಿಂದ ಲ್ಯಾಬಿಗೆ ಫೋನ್ ಮಾಡಿದರು. "ಲಗೂ ಬಾರವಾ. ಗಿರಿಜಾಗ ಸೂಜಿ ಕಾಣವಲ್ದಂತ."

ಆಸ್ಪತ್ರೆಯಲ್ಲಿ ಡಾಕ್ಟರು ಗುಳಿಗೆಗಳ ಬಗ್ಗೆ ಕೇಳಿದರು. ಅಕ್ಕ ಏನನ್ನೂ ಮುಚ್ಚಿಡಲಿಲ್ಲ.

"ಟಿ.ಬಿ. ಗುಳಗಿ ನುಂಗಾಕತ್ತೇನ್ರಿ. ಮುಖಾ ಊದಸೂ ಗುಳಗಿ ಬಿಟ್ಟೇನಿ. ಅದರ ಬದ್ಲಿ ಒಂದೆಲಗದ ರಸಾ ಕುಡೀತೇನಿ. ನಮ್ಮ ತಂಗಿನ ಕಂಡುಹಿಡದಾಳ್ರಿ." ಅದನ್ನು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಡಾಕ್ಟರು ನನ್ನ ಕಡೆ ತಿರುಗಿದರು. "ಬಾವು ಏರಿ ಕಣ್ಣಿನ ನರಕ್ಕ ಒತ್ತಾಕತ್ತದ. ಏನು ಹೇಳಿದ್ರಿ ಇವರಿಗೆ?"

"ಅದು ಪ್ಲೇಟಿನ್ಯಾಗಿನ ಕೋಶದ ಮ್ಯಾಲೆ ಸರ್..."

"ಅದನ್ನ ಇವರಿಗೆ ಹೇಳಿದ್ರೇನು?"

ಹೇಳಿರಲಿಲ್ಲ.

ಸ್ಟೆರಾಯ್ಡ್ ಮತ್ತೆ ಶುರುವಾಯಿತು. ಅಕ್ಕ ಉಳಿದಳು. ಬಲಗಣ್ಣು ಉಳಿಯಲಿಲ್ಲ, ಎಡಗಣ್ಣಿಗೆ ಮನುಷ್ಯರ ಆಕಾರವಷ್ಟೇ ಕಾಣುತ್ತದೆ. ಹೊಲಿಗೆ ನಿಂತಿತು. ಒಂದೆಲಗದ್ದೇನೂ ತಪ್ಪಿಲ್ಲ, ಮುಂದೊಂದು ದಿನ ಅದರಿಂದ ನಿಜವಾದ ಔಷಧ ಬಂದರೂ ಬರಬಹುದು. ತಪ್ಪು ನನ್ನದು, ನಾನಾಡಿದ ಅರ್ಧ ಮಾತಿನದು. ಅಕ್ಕ ಬೆಳಿಗ್ಗೆ ಎದ್ದು ನನ್ನ ಹೆಸರು ಹಿಡಿದು ಕರೆದಾಗ, ಇಷ್ಟಾದರೂ ಉಳಿಯಿತಲ್ಲ ಎಂದು ಕೈಮುಗಿಯುತ್ತೇನೆ.

ಮೊನ್ನೆ ಕಟ್ಟೆಯ ಮೇಲೆ ಯಾರೋ ಕೇಳಿದರು, ಕಣ್ಣಿಗೇನಾಯಿತು ಎಂದು.

"ನಂದಽ ಹುಚ್ಚತನಾರಿ. ತಂಗಿ ಬ್ಯಾಡ ಬ್ಯಾಡ ಅಂತ ಬಡಕೊಂಡ್ಲು, ನಾನ ಕೇಳ್ಲಿಲ್ಲ" ಎಂದಳು ಅಕ್ಕ.

ನಾನು ಒಳಗೆ ಜೋಳ ಹಸನು ಮಾಡುತ್ತಿದ್ದೆ. ಎದ್ದು ಹೋಗಿ ಅದು ಸುಳ್ಳೆಂದು ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ: ನಾನು ಒಮ್ಮೆಯೂ ಬೇಡ ಅಂದಿರಲಿಲ್ಲ.