ಕೆಂಪು ಬಟ್ಟೆಯ ತೆಂಗಿನಕಾಯಿ

ಬೆಳಗಾವಿಯ ವಡಗಾವಿಯಲ್ಲಿ, ನಮ್ಮ ನೇಕಾರರ ಓಣಿಯಲ್ಲಿ, ಕುಡಿತ ಬಿಟ್ಟ ಕತೆ ಒಂದೇ ಇದೆ, ಎಲ್ಲರೂ ಅದನ್ನೇ ಹೇಳುತ್ತಾರೆ: ನೆರೆಮನೆಯ ಬಸವಣ್ಣೆಪ್ಪ ಮಾಮಾ ದೇವಿಗೆ ಹರಕೆ ಹೊತ್ತರಂತೆ, ಕೆಂಪು ಬಟ್ಟೆಯಲ್ಲಿ ತೆಂಗಿನಕಾಯಿ ಕಟ್ಟಿ ಬಾಗಿಲಿಗೆ ತೂಗುಹಾಕಿದರಂತೆ, ಮರುದಿನದಿಂದ ಹನಿ ಮುಟ್ಟಲಿಲ್ಲವಂತೆ. ಕಾಯಿಯ ಗುರುತು ಹಿಡಿದು ಹುಡುಕಬೇಡಿ, ಅಂಥ ಬಾಗಿಲುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೆಸರನ್ನೂ ಬದಲಿಸಿದ್ದೇನೆ, ಬದಲಿಸದೆ ಉಳಿಸಿಕೊಂಡದ್ದು ನನ್ನ ಕೋಪವೊಂದನ್ನೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಢಾಲು ಗೆದ್ದ ಅಹಂಕಾರದಲ್ಲಿ ನಾನು ಈ ಕತೆಯನ್ನು ಆಗಲೇ ಪ್ರಶ್ನಿಸಿದ್ದೆ. ಕಾಯಿ ಕಟ್ಟಿದ್ದು ನಿಜ, ಕುಡಿತ ನಿಂತದ್ದೂ ನಿಜ. ಮೊದಲನೆಯದರಿಂದಲೇ ಎರಡನೆಯದು ಆಯಿತೆಂಬುದಕ್ಕೆ ಸಾಕ್ಷಿ ಯಾರು, ಕಾಯಿಯೇ? ಮನೆಯವರು ನನ್ನ ವಾದವನ್ನು ಪವರ್‌ಲೂಮಿನ ಸದ್ದಿನ ನಡುವೆ ಕೇಳುವ ಮಾತಿನಂತೆ ಕೇಳಿದರು: ತಲೆಯಾಡಿಸಿದರು, ಕೆಲಸ ನಿಲ್ಲಿಸಲಿಲ್ಲ.

ವಾದದಲ್ಲಿ ಸೋತರೆ ನನಗೇನು, ಇನ್ನೊಂದು ಸ್ಪರ್ಧೆ ಇದ್ದೇ ಇರುತ್ತದೆ. ಕಾಕಾನಿಗೆ ಇರಲಿಲ್ಲ. ಅಪ್ಪನ ತಮ್ಮನಾದ ಈ ಕಾಕಾ, ಸೀರೆಯ ಬಣ್ಣಗಳ ಮಾತಿಗೆ ಕೂತರೆ ಊಟ ಮರೆಯುತ್ತಿದ್ದವನು, ಊಟ ಮರೆತು ಕುಡಿಯತೊಡಗಿ ವರ್ಷಗಳಾಗಿದ್ದವು. ಅಜ್ಜಿ, ಅಂದರೆ ನಮ್ಮ ಆಯಿ, ನಮ್ಮ ಬಾಗಿಲಿಗೂ ಒಂದು ಕಾಯಿ ಕಟ್ಟಿದಳು. ನವರಾತ್ರಿ ಮುಗಿಯುವವರೆಗೆ ಕಾಕಾ ಗಟ್ಟಿಯಾಗಿದ್ದ. ಆಮೇಲೆ ಕಾಯಿಗೆ ತಲೆ ತಾಗದಂತೆ ಬಗ್ಗಿ ಒಳಬರುವಷ್ಟು ಎಚ್ಚರ ಮಾತ್ರ ಉಳಿಯಿತು. ದೂರದಿಂದ ನೋಡಿದವರಿಗೆ ಅದೇ ಭಕ್ತಿಯಂತೆ ಕಾಣುತ್ತಿತ್ತು. ಆಯಿ ಹಳೆಯ ಕಾಯಿ ಇಳಿಸಿ ಹೊಸದನ್ನು ಕಟ್ಟಿದಳು. "ಬಸವಣ್ಣೆಪ್ಪಗ ಒಲದಾಕಿ ಇವಗ ಯಾಕ ಒಲಿಯೂದುಲ್ಲ? ಇವನ ಮನಸs ಖೊಟ್ಟಿ ಐತಿ," ಎಂದು ಅವನೆದುರೇ ಅಂದಳು. ತನ್ನ ಮನಸ್ಸೇ ಕಪಟದ್ದೆಂದು ಕಾಕಾ ನಂಬಿಬಿಟ್ಟ. ಯಕೃತ್ತು ಇನ್ನು ತಾಳುವುದಿಲ್ಲ, ಕುಡಿತ ಬಿಟ್ಟವರ ಸಭೆಗಾದರೂ ಹೋಗಲಿ ಎಂದು ಡಾಕ್ಟರು ಹೇಳಿದ ದಿನ ಅವನು ನನಗಂದದ್ದು ಇಷ್ಟೇ: "ದೇವೀನs ಕೈ ಬಿಟ್ಟ ಮ್ಯಾಲ ಡಾಕ್ಟರ್ ಏನ ಮಾಡ್ತಾರವಾ?"

ಅಂಥ ಸಭೆ ನಮ್ಮೂರಿನ ಟಿಳಕವಾಡಿಯಲ್ಲೇ ನಡೆಯುತ್ತಿತ್ತು. ಅಪ್ಪ ಒಪ್ಪಲಿಲ್ಲ. "ಅಲ್ಲಿ ಬ್ಯಾಡ, ಯಾರರೆ ನೋಡಿದ್ರ? ಖಾನಾಪುರಕ್ಕ ಕರಕೊಂಡ ಹೋಗು. ಅಲ್ಲಿ ನಮ್ಮ ಗುರ್ತ ಯಾರಿಗೈತಿ?" ಓದುಗರೇ, ಇದೇ ಕಾಕಾನನ್ನು ಬಾರಿನ ಮೆಟ್ಟಿಲಿನಿಂದ ಎತ್ತಿ, ಹಾಡಹಗಲೇ ಪೇಟೆಯ ನಡುವೆ ಮನೆಗೆ ಹೊತ್ತು ತಂದವರು ನಾವು. ಆಗ ಅಡ್ಡ ಬಾರದ ಮರ್ಯಾದೆ, ಅವನು ತನ್ನ ಕಾಲ ಮೇಲೆ ನಡೆದು ಗುಣವಾಗಲು ಹೊರಟಾಗ ಎಲ್ಲಿಂದ ಎದ್ದು ಬಂತು?

ಯಾವ ಭಾಷೆಯ ಫಲಕ ಮೇಲಿರಬೇಕೆಂದು ಕಾದಾಡುವ ಸೀಮೆ ನಮ್ಮದು. ಖಾನಾಪುರದ ಬಾರು ಕನ್ನಡ, ಮರಾಠಿ, ಇಂಗ್ಲಿಷು ಮೂರರಲ್ಲೂ ಹೆಸರು ಬರೆಸಿಕೊಂಡು ಝಗಝಗಿಸುತ್ತಿತ್ತು. ನಾವು ಹುಡುಕುತ್ತಿದ್ದ ಸಭೆಗೆ ಯಾವ ಭಾಷೆಯಲ್ಲೂ ಫಲಕವಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಚಹಾದವನನ್ನು ಕೇಳಿದೆ.

"ಮೀಟಿಂಗ್ ಐತೇನ್ರಿ? ಯಾವ ಪಾರ್ಟೀದು?"

ನಾನು ತಡವರಿಸಿದೆ. ಕಾಕಾ ಮುಂದೆ ಬಂದು, "ಕುಡಕರ ಪಾರ್ಟೀದೋ ತಮ್ಮಾ," ಅಂದ. ಅವನು ತಮಾಷೆ ಮಾಡಿದ್ದನ್ನು ಕೇಳದೆ ಎಷ್ಟು ಕಾಲವಾಗಿತ್ತೋ. ಚಹಾದವ ನಗಲಿಲ್ಲ, ದನಿ ತಗ್ಗಿಸಿ, ಹಳೆಯ ಶಾಲೆಯ ಹಿಂದಿನ ಖೋಲಿಯನ್ನು ಕಣ್ಣಲ್ಲೇ ತೋರಿಸಿದ.

ಜೊತೆಗೆ ಬಂದ ಮನೆಯವರೂ ಕುಳಿತುಕೊಳ್ಳಬಹುದೆಂದು ಬಾಗಿಲಲ್ಲಿದ್ದವರು ಹೇಳಿದರು. ಒಳಗೆ ಹೆಜ್ಜೆಯಿಟ್ಟರೆ, ಬಂದವರಿಗೆ ಚಹಾ ಬಗ್ಗಿಸಿ ಕೊಡುತ್ತಿದ್ದವರು ಬಸವಣ್ಣೆಪ್ಪ ಮಾಮಾ.

"ಬಸವಣ್ಣಾ, ನೀ ಇಲ್ಲೆ?" ಎಂದ ಕಾಕಾ.

"ನಾ ಇಲ್ಲೇ ಇರಾಂವಪಾ. ಕುಂದ್ರು, ಚಾ ತಗೊ."

ರವಿವಾರ ಬಂದರೆ ಮಾಮಾ ಮಗಳ ಮನೆಗೆ ಹೋಗುತ್ತಾರೆಂದು ಓಣಿ ನಂಬಿತ್ತು. ಅವರು ವರ್ಷಗಳಿಂದ ಈ ಖೋಲಿಗೆ ಬರುತ್ತಿದ್ದರು. ಕಾಯಿ ಕಟ್ಟಿದ ಮೇಲೂ ಹಲವು ಸಲ ಜಾರಿ, ಇಲ್ಲಿ ಕೂತು, ಅತ್ತು, ಮತ್ತೆ ಎದ್ದು ಬಿಟ್ಟದ್ದನ್ನು ಅಂದು ಎಲ್ಲರೆದುರು ಹೇಳಿದರು. ಕಾಕಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೇಳುತ್ತಿದ್ದ. ತನ್ನ ಮನಸ್ಸು ಖೊಟ್ಟಿಯಲ್ಲವೆಂದು ಅವನಿಗೆ ಮೊದಲ ಸಲ ತಿಳಿಯುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೊರಬಂದ ಮೇಲೆ ಬಿಡಲಿಲ್ಲ. "ಮಾಮಾ, ನಿಮ್ಮ ಕಾಯಿ ತೋರಿಸಿ ತೋರಿಸಿ ನಮ್ಮ ಕಾಕಾನ ಜೀವಾ ತಿಂದಾರ. ಬಾಜೂ ಮನಿಯಾಗ ಇದ್ದು ಒಂದ ಮಾತ ಹೇಳಬಾರದಾಗಿತ್ತೇನ್ರಿ?"

ಮಾಮಾ ಚಪ್ಪಲಿ ಮೆಟ್ಟುತ್ತ ಹೇಳಿದರು: "ಮಗಳ ಲಗ್ನ ಆಗೂದಿತ್ತವಾ. ಹರಕಿ ಹೊತ್ತು ಬಿಟ್ಟಾನಂದ್ರ ಭಕ್ತ ಅಂತಾರ. ಮೀಟಿಂಗಿಗೆ ಹೋಗಿ ಬಿಟ್ಟಾನಂದ್ರ ಕುಡಕ ಅಂತಾರ."

ಆ ಮಾತಿನಲ್ಲಿ ದೋಷ ಹುಡುಕುತ್ತ ಬಸ್ಸಿನಲ್ಲಿ ಬೆಳಗಾವಿಯವರೆಗೂ ಕೂತೆ. ಸಿಗಲಿಲ್ಲ. ಎದುರಾಳಿ ಸುಳ್ಳು ಹೇಳಿದ್ದರೂ ಅದಕ್ಕೆ ಕೊಟ್ಟ ಕಾರಣ ಮಾತ್ರ ಖರೇ ಇದ್ದರೆ ಯಾರ ಮೇಲೆ ಸಿಟ್ಟಾಗಬೇಕೆಂದು ನನಗೆ ಯಾವ ವೇದಿಕೆಯೂ ಕಲಿಸಿರಲಿಲ್ಲ. ಮಾಮಾನನ್ನು ಭಕ್ತನನ್ನಾಗಿ ಮಾಡಿದ ಓಣಿಯಲ್ಲಿ ನಮ್ಮ ಮನೆಯೂ ಇತ್ತು.

ಕಾಕಾ ಈಗ ತಪ್ಪದೆ ಖಾನಾಪುರಕ್ಕೆ ಹೋಗುತ್ತಾನೆ, ಕುಡಿದಿಲ್ಲ. ಓಣಿಯ ತೀರ್ಪು ಹೊರಬಿದ್ದಿದೆ: ಆಯಿಯ ಕಾಯಿ ಕಡೆಗೂ ಫಲಿಸಿತು. ಆಯಿ ಅದಕ್ಕೆ ದಿನಾ ಕುಂಕುಮ ಹಚ್ಚುತ್ತಾಳೆ.

ನಿನ್ನೆ ನಮ್ಮ ಓಣಿಯ ಕಸ್ತೂರಿ ಅಕ್ಕ ಬಂದಿದ್ದಳು. ಅವಳ ಗಂಡನನ್ನೂ ಈಗ ಬಾರಿನ ಮೆಟ್ಟಿಲಿನಿಂದಲೇ ಎತ್ತಿ ತರುತ್ತಾರೆ. ನಮ್ಮ ಬಾಗಿಲಲ್ಲಿ ನಿಂತು, ಕಾಯಿಗೆ ಕೈ ಮುಗಿದು, ಕಟ್ಟೆಯ ಮೇಲೆ ಕೂತಿದ್ದ ಕಾಕಾನನ್ನು ಕೇಳಿದಳು: "ಯಾವ ದೇವಿಗೆ ಹೊತ್ತಿದ್ದಿ, ಅಣ್ಣಾ? ನನಗೂ ಹೇಳು. ನಮ್ಮ ಮನಿಯವರೂ ಉಳಕೊಳ್ಳಲಿ."

ಕಾಕಾ ಕಾಯಿಯ ಕಡೆ ನೋಡಿದ, ಒಳಗೆ ಕಿವಿಗೊಟ್ಟು ಕೂತ ಆಯಿಯ ಕಡೆ ನೋಡಿದ, ಕಡೆಗೆ ನನ್ನ ಕಡೆ.

ನಾನು ಚಪ್ಪಲಿ ಮೆಟ್ಟಿ ಕೇಳಿದೆ: "ಕಾಕಾ, ಅಕ್ಕಗ ಏನ ತರ್ಲಿ? ಕಾಯಿ ತರ್ಲ್ಯೋ, ಖಾನಾಪುರದ ಟಿಕೀಟ ತರ್ಲ್ಯೋ?"