ಹದಿನಾಲ್ಕು ಕಂಬಗಳ ದೂರ

ಖಾನಾಪುರದ ಕೀಮನ್ ಬೀರಣ್ಣನಿಗೆ ನಡೆಯುವುದು ಹೊಸದೇನೂ ಅಲ್ಲ. ಇಪ್ಪತ್ತು ವರ್ಷ ರೈಲ್ವೆಯವರು ಅವನಿಗೆ ಪಗಾರ ಕೊಟ್ಟದ್ದೇ ನಡೆಯುವುದಕ್ಕೆ. ಬೆಳಗಾಗುತ್ತಲೇ ಹೆಗಲ ಮೇಲೆ ಸುತ್ತಿಗೆ ಮತ್ತು ಬೋಲ್ಟು ಬಿಗಿಯುವ ಉದ್ದನೆಯ ಪಾನಾ ಹೊತ್ತು, ಬಗಲಚೀಲದಲ್ಲಿ ಎರಡು ಕೆಂಪು ಬಾವುಟದ ನಿಶಾನಿ ಮತ್ತು ಎಚ್ಚರಿಕೆಯ ಪಟಾಕಿಯ ಡಬ್ಬಿ ಇಟ್ಟುಕೊಂಡು ಗುಂಜಿಯ ಕಡೆಗೆ ಹಳಿಗುಂಟ ಹೊರಡಬೇಕು. ಹಳಿಯನ್ನು ಬಿಗಿಹಿಡಿದ ಕೀಗಳು ಎಲ್ಲಿ ಸಡಿಲಾಗಿವೆಯೋ ಅಲ್ಲಿ ನಿಂತು ಬಡಿದು ಕೂಡಿಸಬೇಕು. ಒಂದು ಹಳಿ ನೋಡುತ್ತ ಮೂರು ಮೈಲಿ ಹೋಗುವುದು, ಇನ್ನೊಂದು ಹಳಿ ನೋಡುತ್ತ ಮೂರು ಮೈಲಿ ಬರುವುದು. ಮಧ್ಯಾಹ್ನ ಮನೆಗೆ ಬಂದಾಗ ಅವನ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು. ಹೆಂಡತಿ ಸತ್ಯವ್ವ ರೊಟ್ಟಿ ಬಡಿಯುವಷ್ಟರಲ್ಲಿ ಗೋಡೆಗೆ ಆತು ಕೂತವನು ಅಲ್ಲೇ ಜೋಂಪಿಗೆ ಜಾರಿರುತ್ತಿದ್ದ.

ಅಂಥ ಬೀರಣ್ಣನಿಗೆ ಓಡಲು ಬರುವುದಿಲ್ಲ ಎಂಬುದು ಗೊತ್ತಾದದ್ದು ಎಪ್ಪತ್ತಾರನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ. ಆಗ ಅವನಿಗೆ ನಲವತ್ತನಾಲ್ಕು.

ಅವತ್ತು ಕೊರೆಯುವ ಥಂಡಿ. ಏಳೂವರೆಯ ಹೊತ್ತಿಗೆ ತಿರುವು ದಾಟಿ ಬಂದವನಿಗೆ ಎಡಗಡೆಯ ಹಳಿ ತುಂಡಾಗಿದ್ದು ಕಂಡಿತು. ಎರಡು ಬೆರಳು ಹಿಡಿಸುವಷ್ಟು ಸಂದು ಬಿಟ್ಟಿತ್ತು. ಲೋಂಡಾದಿಂದ ಬರುವ ಪ್ಯಾಸೆಂಜರ್ ಗಾಡಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದು ಅವನಿಗೆ ಬಾಯಿಪಾಠ. ಮುರಿದಲ್ಲಿ ಒಂದು ನಿಶಾನಿ ನೆಡಬೇಕು. ಇನ್ನೊಂದನ್ನು ಬೀಸುತ್ತ ಗಾಡಿ ಬರುವ ದಿಕ್ಕಿಗೆ ಎಂಟುನೂರು ಮೀಟರ್ ಓಡಬೇಕು. ಅಲ್ಲಿ ಹಳಿಯ ಮೇಲೆ ತಗಡಿನ ಪಟಾಕಿ ಕಟ್ಟಬೇಕು. ಗಾಲಿಯ ಕೆಳಗೆ ಅವು ಢಂ ಎಂದರೆ ಡ್ರೈವರ್ ಗಾಡಿ ನಿಲ್ಲಿಸುತ್ತಾನೆ. ಎಂಟುನೂರು ಮೀಟರೆಂದರೆ ಹಳಿಯ ಬಾಜೂಕಿನ ತಂತಿಕಂಬಗಳ ಲೆಕ್ಕದಲ್ಲಿ ಹದಿನಾಲ್ಕು.

ಬೀರಣ್ಣ ನಿಶಾನಿ ನೆಟ್ಟು, ಪಾನಾ ಬಿಸಾಡಿ, ಇದ್ದಬದ್ದ ಶಕ್ತಿಯನ್ನೆಲ್ಲ ಕಾಲಿಗೆ ತಂದುಕೊಂಡು ಓಡಿದ. ಮೂರನೇ ಕಂಬಕ್ಕೆ ಎದೆಯೊಳಗೆ ಬೆಂಕಿ ಬಿದ್ದಂತಾಯಿತು. ಐದನೆಯದಕ್ಕೆ ಕಣ್ಣಮುಂದೆ ಕಪ್ಪು ಚುಕ್ಕಿ ಹಾರಾಡಿದವು. ಆರನೇ ಕಂಬದ ಬುಡದಲ್ಲಿ ಮೊಳಕಾಲೂರಿ ಕುಸಿದ. ಪಟಾಕಿಯನ್ನಾದರೂ ಅಲ್ಲೇ ಕಟ್ಟೋಣವೆಂದು ಚೀಲಕ್ಕೆ ಕೈಹಾಕಿದ. ಬೆರಳು ಥರಥರ ನಡುಗಿ ಡಬ್ಬಿಯ ಮುಚ್ಚಳವೇ ತೆರೆಯಲಿಲ್ಲ. ವಾಂತಿಯಾಯಿತು. ಹಳಿಯ ಪಕ್ಕದ ಖಡಿಕಲ್ಲಿನ ಮೇಲೆ ಅಡ್ಡಬಿದ್ದ. ನಿಶಾನಿ ಎಲ್ಲೋ ಅವನ ಮೈಕೆಳಗೆ ಸಿಕ್ಕಿಕೊಂಡಿತ್ತು.

ಗಾಡಿ ಬಂತು. ಏರು ಇದ್ದುದರಿಂದ ಜೋರಾಗಿರಲಿಲ್ಲ. ಎಂಜಿನ್ ಅವನನ್ನು ದಾಟಿ ಮುಂದೆ ಹೋಯಿತು, ಗಾಲಿಗಳು ಕಿರುಚಿದವು, ಮುರಿದ ಜಾಗಕ್ಕೆ ನಲವತ್ತು ಹೆಜ್ಜೆ ಇರುವಾಗ ನಿಂತಿತು.

ಮಂದಿ ಇಳಿದು ಬಂದರು. ತುಂಡಾದ ಹಳಿ ನೋಡಿದರು, ಬಿದ್ದ ಬೀರಣ್ಣನನ್ನು ನೋಡಿದರು. ಯಾರೋ ನೀರು ಕುಡಿಸಿದರು, ಯಾರೋ ತಮ್ಮ ಶಾಲು ಹೊದಿಸಿದರು. "ಓಡಿ ಓಡಿ ಜೀವಾ ಬಿಡೂ ವ್ಯಾಳ್ಯಾಕ್ಕ ಬಂದಾನ ನೋಡ್ರಿ" ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು. ಬೀರಣ್ಣನಿಗೆ ಬಾಯಿ ತೆರೆಯಲು ಉಸಿರಿರಲಿಲ್ಲ. ಉಸಿರು ಬಂದಮೇಲೆ ಹೇಳುವ ಧೈರ್ಯವಿರಲಿಲ್ಲ.

ಜನವರಿಯಲ್ಲಿ ಅವನನ್ನು ಬೆಳಗಾವಿಗೆ ಕರೆಸಿ ಸತ್ಕಾರ ಮಾಡಿದರು. ಹಾರ ಹಾಕಿದರು, ಕಟ್ಟು ಹಾಕಿಸಿದ ಪ್ರಶಸ್ತಿಪತ್ರ ಕೈಗಿಟ್ಟರು. ಭಾಷಣ ಮಾಡಿದ ದೊಡ್ಡ ಸಾಹೇಬರು ಅವನು ಪೂರಾ ಒಂದು ಮೈಲಿ ಓಡಿದ್ದನೆಂದರು. ಚಪ್ಪಾಳೆ ಬಿದ್ದಂತೆಲ್ಲ ಬೀರಣ್ಣನ ಕುತ್ತಿಗೆ ಕೆಳಗೆ ಹೋಯಿತು. ಮಂದಿ ಅದನ್ನು ವಿನಯವೆಂದುಕೊಂಡರು. ಮರುದಿನದಿಂದ ಖಾನಾಪುರದ ಹಳಿ ಕೆಲಸದ ಗ್ಯಾಂಗಿನವರು ಅವನನ್ನು ಮೈಲಿ ಬೀರಣ್ಣ ಎಂದು ಕರೆಯತೊಡಗಿದರು.

ಆ ಹೆಸರು ಕೇಳಿದಾಗೊಮ್ಮೆ ಅವನಿಗೆ ಬಿಚ್ಚದೇ ಉಳಿದ ಆ ಡಬ್ಬಿ ನೆನಪಾಗುತ್ತಿತ್ತು. ಗಾಡಿ ಇಳಿಜಾರಿನಲ್ಲಿ ಬಂದಿದ್ದರೆ? ಡ್ರೈವರ್ ಆ ಕ್ಷಣ ಬೇರೆ ಕಡೆ ನೋಡಿದ್ದರೆ? ಊಟದ ಮುಂದೆ ಕೂತಾಗಲೂ ಅದೇ ಯೋಚನೆ. ಕಡೆಗೆ ಒಂದು ಭಾನುವಾರ ಬೆಳಗಾವಿಯ ಬಸ್ಸು ಹಿಡಿದು ಅನಗೋಳಕ್ಕೆ, ದೊಡ್ಡಪ್ಪನ ಮಗ ಭರಮಣ್ಣನ ಮನೆಗೆ ಹೋದ. ಭರಮಣ್ಣ ಮಿಲಿಟರಿಯಲ್ಲಿ ಹದಿನೇಳು ವರ್ಷ ದುಡಿದು ಪಿಂಚಣಿ ಮೇಲೆ ಬಂದವನು. ಐವತ್ತು ದಾಟಿದ್ದರೂ ದಿನಾ ಬೆಳಿಗ್ಗೆ ವ್ಯಾಕ್ಸಿನ್ ಡಿಪೋ ಮೈದಾನದ ಗಿಡಗಳ ನಡುವೆ ಓಡಿ ಬರುತ್ತಿದ್ದ.

"ಅಣ್ಣಾ, ನನಗ ಓಡೂದು ಕಲಸು" ಎಂದ ಬೀರಣ್ಣ.

"ಮೈಲಿಗಟ್ಟಲೆ ಓಡಿ ಹಾರಾ ಹಾಕಿಸಿಕೊಂಡಾಂವ ನೀನು. ನಾ ಏನ್ ಕಲಸ್ಲಿ?"

ಬೀರಣ್ಣ ಇದ್ದದ್ದನ್ನು ಇದ್ದಂತೆ ಹೇಳಿದ. ಯಾರ ಮುಂದಾದರೂ ಅದನ್ನು ಹೇಳಿದ್ದು ಅದೇ ಮೊದಲು. ಭರಮಣ್ಣ ನಗಲಿಲ್ಲ. ಮನೆಯ ಹಿಂದಿನ ಹೊಲದ ದಾರಿಗೆ ಕರೆದುಕೊಂಡು ಹೋಗಿ "ಓಡು, ನೋಡ್ತೀನಿ" ಎಂದ. ಬೀರಣ್ಣ ಹುಲಿ ಬೆನ್ನು ಹತ್ತಿದವನಂತೆ ಓಡಿ, ನೂರು ಹೆಜ್ಜೆಗೆ ಸೊಂಟ ಹಿಡಿದು ನಿಂತ.

"ಸಾಕ್ ಸಾಕು. ತಮ್ಮಾ, ನೀ ಓಡಾಕತ್ತಿಲ್ಲ, ಕದ್ದು ಪರಾರಿ ಆಗಾಕತ್ತೀದಿ" ಎಂದ ಭರಮಣ್ಣ. "ನಿಧಾನ ಓಡಬೇಕು. ಎಷ್ಟು ನಿಧಾನ ಅಂದ್ರ, ಬಾಜೂದಾಂವನ ಕೂಡ ಮಾತಾಡಾಕ ಬರಬೇಕು. ಮಾತು ನಿಂತಿತಂದ್ರ ಜೋರಾತು ಅಂತ ತಿಳಕೋ. ಒಂದು ಕಂಬ ಓಡು, ಎರಡು ಕಂಬ ನಡಿ. ಹಂಗ ಹತ್ತು ಸಲ. ದಿನಾ ಬ್ಯಾಡ, ದಿನಾ ಬಿಟ್ಟು ದಿನಾ. ಹದಿನೈದು ದಿನಾ ಇಷ್ಟ ಮಾಡು. ಆಮ್ಯಾಲ ಬಾ, ಮುಂದಿಂದು ಹೇಳ್ತೀನಿ."

"ನಡಿಯೂದು ನನಗ ಬರ್ತೈತಿ, ಅಣ್ಣಾ."

"ಬರ್ತೈತಿ. ಕಾಲು ಗಟ್ಟಿ ಅದಾವು ನಿನ್ನವು. ಉಸುರು ಕಲತಿಲ್ಲ. ಮತ್ತ ಕಿಸೇದಾಗಿನ ಆ ಬೀಡಿ ಕಟ್ಟು ಇಲ್ಲೇ ಬಿಟ್ಟು ಹೋಗು."

ಹೋಗುವಾಗ ತನ್ನ ಹಳೆಯ ಕ್ಯಾನ್ವಾಸ್ ಬೂಟು ಕೊಟ್ಟ. ಬೀರಣ್ಣನ ಕಾಲಿಗೆ ಅವು ದೊಡ್ಡವು. ಮುಂದೆ ಚಿಂದಿ ತುರುಕಿ ಹಾಕಿಕೊಂಡ.

ಸಂಜೆ ಐದಕ್ಕೆ, ಗ್ಯಾಂಗಿನ ಕೆಲಸವೂ ಮುಗಿದ ಮೇಲೆ, ಮಲಪ್ರಭೆಯ ಕಡೆಗೆ ಹಳಿಯ ಪಕ್ಕದ ಕಾಲುದಾರಿಯಲ್ಲಿ ಬೀರಣ್ಣನ ಓಟ ಸುರುವಾಯಿತು. ಬೆಳಗಿನ ಆರು ಮೈಲಿಯ ಭಾರ ಆಗಲೇ ಕಾಲಿನಲ್ಲಿ ಕೂತಿರುತ್ತಿತ್ತು. ಒಂದು ಕಂಬ ಓಡಿದರೆ ಎರಡು ಕಂಬದ ನಡಿಗೆ ಅರ್ಧ ಕಂಬದಷ್ಟೇ ಎನಿಸುತ್ತಿತ್ತು. ಎಂಟು ದಿನಕ್ಕೆ ಮೊಳಕಾಲ ಕೆಳಗಿನ ಎಲುಬು ಮುಟ್ಟಲಾಗದಷ್ಟು ನೋಯಿತು. ಸತ್ಯವ್ವ ಉಪ್ಪಿನ ಶಾಖ ಕೊಡುತ್ತ, "ಇಡೀ ದಿನ ನಡದದ್ದು ಸಾಲಲಿಲ್ಲೇನ್ರೀ? ಯಾರ ಬೆನ್ನ ಹತ್ತೀರಿ ಈ ವಯಸ್ಸಿನಾಗ?" ಎಂದಳು.

ಅವಳಿಗೂ ಹೇಳಬೇಕಾಯಿತು. ಅವಳು ಆರಿದ ಉಪ್ಪಿನ ಗಂಟನ್ನು ಮತ್ತೆ ಕಾಯಿಸಿ ತಂದಳು. ಆಮೇಲೆ, "ಅವತ್ತು ಎದಿ ಒಡದು ಸತ್ತಿದ್ರ ಆ ಕಾಗದಾ ನನ್ನ ಕೈಯಾಗ ಕೊಡ್ತಿದ್ರು. ನೀವು ಆರು ಕಂಬಕ್ಕ ಬಿದ್ದದ್ದ ಚೊಲೊ ಆತು" ಎಂದಳು. ಆದರೂ ಮರುದಿನ ಗೋಡೆಯ ಮೇಲಿನ ಪ್ರಶಸ್ತಿಪತ್ರವನ್ನು ತೆಗೆದು ಟ್ರಂಕಿನಲ್ಲಿ ಇಟ್ಟವಳು ಅವಳೇ.

ಮಾರ್ಚಿನ ಹೊತ್ತಿಗೆ ಎರಡು ಕಂಬ ಓಡಿ ಒಂದು ನಡೆಯುವಂತಾಯಿತು. ಏಪ್ರಿಲಿನಲ್ಲಿ ನಾಲ್ಕು ಓಡಿ ಒಂದು. ಮೇ ತಿಂಗಳ ಕೊನೆಗೆ ಒಮ್ಮೆ ಏಳು ಕಂಬ ನಿಲ್ಲದೆ ಓಡಿದ. ಆರನೆಯದನ್ನು ದಾಟುವಾಗ ಅವನಿಗೆ ಸಂತೋಷವೇನೂ ಆಗಲಿಲ್ಲ, ಬರೇ ಬಾಯಿ ಒಣಗಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು. ಜಾಂಬೋಟಿಯ ಕಡೆಯಿಂದ ಸುರಿಯುತ್ತ ಬಂದ ಮಳೆ ಮೂರು ತಿಂಗಳು ಬಿಡಲಿಲ್ಲ. ಮಣ್ಣು ಕುಸಿದೀತೆಂದು ಹಳಿ ಕಾಯುವ ಹೆಚ್ಚಿನ ಪಾಳಿ, ಒಣಗದ ಬಟ್ಟೆ, ಬಿಡದ ಕೆಮ್ಮು. ಸೆಪ್ಟೆಂಬರಿನಲ್ಲಿ ಮತ್ತೆ ಬೂಟು ಹಾಕಿ ಹೊರಟರೆ ಎರಡನೇ ಕಂಬಕ್ಕೇ ತೇಕು ಹತ್ತಿತು. ನಾಲ್ಕು ತಿಂಗಳ ಗಳಿಕೆ ನೀರಿಗೆ ಹೋಗಿತ್ತು.

ಅವತ್ತು ಬೀರಣ್ಣ ಕಂಬಕ್ಕೆ ಬೆನ್ನು ಕೊಟ್ಟು ಕೂತು ಅತ್ತ. ನೋವಿಗಲ್ಲ. ಮತ್ತೆ ಮೊದಲಿನಿಂದ ಎಂಬುದು ಅವನನ್ನು ಅಷ್ಟು ದಣಿಸಿತ್ತು. ಮುಂದಿನ ಭಾನುವಾರ ಅನಗೋಳಕ್ಕೆ ಹೋಗಿ ಬೂಟನ್ನು ಭರಮಣ್ಣನ ಕಟ್ಟೆಯ ಮೇಲಿಟ್ಟ.

"ಇನ್ನ ಆಗೂದಿಲ್ಲಣ್ಣಾ. ಎಲ್ಲಾ ಹೋತು."

"ಎಲ್ಲಾ ಹೋಗಿಲ್ಲ. ನನಗೂ ಪ್ರತಿ ಮಳಿಗಾಲ ಹಿಂಗ ಆಕ್ಕೈತಿ" ಎಂದ ಭರಮಣ್ಣ. "ಹೋದ ಸಲ ನಾಕು ತಿಂಗಳ ಹಿಡದದ್ದು ಈ ಸಲ ಒಂದೂವರಿ ತಿಂಗಳಿನಾಗ ಬರ್ತೈತಿ. ಹೌದೋ ಅಲ್ಲೋ ಮಾಡಿ ನೋಡು. ಬರದಿದ್ರ ಬೂಟು ತಂದು ಕೊಡು."

ಹೇಳಿದಂತೆಯೇ ಆಯಿತು. ದೀಪಾವಳಿ ಮುಗಿಯುವ ಹೊತ್ತಿಗೆ ಏಳು ಕಂಬ ತಿರುಗಿ ಬಂದವು. ಎಪ್ಪತ್ತೆಂಟರ ಫೆಬ್ರುವರಿಯ ಒಂದು ಸಂಜೆ ಅವನು ಗುಂಜಿಯ ಕಡೆಗೆ, ಹಳಿ ಮುರಿದಿದ್ದ ಜಾಗಕ್ಕೇ ಹೋಗಿ, ಅಲ್ಲಿಂದ ಎತ್ತಿನಗಾಡಿಯ ನಿಧಾನದ ಹದಕ್ಕೆ ಓಡತೊಡಗಿದ. ಹತ್ತನೇ ಕಂಬದಲ್ಲಿ ಪಕ್ಕೆ ಹಿಡಿಯಿತು. ಹದ ಇನ್ನಷ್ಟು ತಗ್ಗಿಸಿದ. ಹದಿನಾಲ್ಕನೇ ಕಂಬ ಮುಟ್ಟಿ, ಅಲ್ಲೇ ಮಂಡಿಯೂರಿ, ಬೆರಳು ನೋಡಿಕೊಂಡ. ಪಟಾಕಿ ಕಟ್ಟುವಷ್ಟು ಸ್ಥಿರವಾಗಿದ್ದವು. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಇನ್ನು ಎರಡೂವರೆ ಮೈಲಿ ನಡೆದು ಮನೆ ಮುಟ್ಟಬೇಕಲ್ಲ ಎಂಬುದೊಂದೇ ಅವನ ತಲೆಯಲ್ಲಿ ಸುಳಿದದ್ದು.

ಮರುದಿನ ಅವನು ಇನ್ಸ್‌ಪೆಕ್ಟರ್ ಗುರುಪುತ್ರಪ್ಪನವರ ಆಫೀಸಿಗೆ ಹೋದ. ಅವನ ಪಾಲಿನ ಹಳಿಗೆಲ್ಲ ಅವರೇ ಮೇಲಿನವರು.

"ಸಾಹೇಬ್ರ, ಅವತ್ತು ನಾ ಮೈಲಿ ಓಡಿದ್ದಿಲ್ರಿ. ಆರು ಕಂಬಕ್ಕ ಬಿದ್ದಿನ್ರಿ. ಪಟಾಕಿನೂ ಕಟ್ಟಿದ್ದಿಲ್ರಿ."

ಗುರುಪುತ್ರಪ್ಪ ಕನ್ನಡಕ ತೆಗೆದಿಟ್ಟರು. "ಗೊತ್ತೈತಿ. ಹಳಿ ಬಾಜೂಕ ಯಾರೋ ಬಿದ್ದಾರಂತ ಗಾಡಿ ನಿಂದ್ರಿಸಿದೆ ಅಂತ ಡ್ರೈವರ್ ಅವತ್ತ ಬರದು ಕೊಟ್ಟಾನ."

"ಮತ್ತ ನೀವು ಯಾಕ ಹೇಳಲಿಲ್ರಿ?"

"ಏನಂತ ಹೇಳ್ಲೋ? ನನ್ನ ಕೈಕೆಳಗಿನ ಕೀಮನ್ ಮಂದಿ ಎಲ್ಲಾ ನಲವತ್ತು ದಾಟಿದಾವ್ರು, ಒಬ್ಬರಿಗೂ ಎಂಟುನೂರು ಮೀಟರ್ ಓಡಾಕ ಬರೂದಿಲ್ಲಂತ ಬರೀಲೇನು?" ಅವರ ದನಿಯಲ್ಲೂ ದಣಿವಿತ್ತು. "ಈಗ ಯಾಕ ಹೇಳಾಕ ಬಂದಿ?"

"ನಿನ್ನೆ ಹದಿನಾಲ್ಕು ಕಂಬ ಓಡಿದ್ನಿರಿ. ಅದಕ್ಕ ಹೇಳೂ ಧೈರ್ಯ ಬಂತ್ರಿ."

ಗುರುಪುತ್ರಪ್ಪ ಅವನ ನರೆತ ಗಡ್ಡವನ್ನು, ಚಿಂದಿ ತುರುಕಿದ ಬೂಟನ್ನು ನೋಡಿದರು. "ಹಂಗಾರ ಉಳದಾವ್ರಿಗೂ ಕಲಸು. ಶನಿವಾರ ಒಂದು ತಾಸು ಮೊದಲ ಬಿಡ್ತೀನಿ" ಎಂದರು.

ಮನಸ್ಸು ಹಗುರಾಗಿ ಬಂದ ಬೀರಣ್ಣನಿಗೆ ಅದು ಹೊಸ ಹೊರೆಯಾಯಿತು. ಶನಿವಾರ ಸಂಜೆ ನಡುವಯಸ್ಸಿನ ಐದಾರು ಗಂಡಸರು ಹಳಿಯ ಪಕ್ಕ ಬುಸುಗುಡುತ್ತ ಓಡುವುದು, ದನ ಹೊಡೆದುಕೊಂಡು ಹೋಗುವವರು ನಿಂತು ನಗುವುದು. ಒಬ್ಬನಿಗೂ ಮನಸ್ಸಿರಲಿಲ್ಲ. ಹಣಮಪ್ಪನೆಂಬ ಕೀಮನ್ನಂತೂ ಒಂದೊಂದು ಕಂಬಕ್ಕೂ ಬೀರಣ್ಣನನ್ನು ಬೈಯುತ್ತ ಓಡುತ್ತಿದ್ದ. "ಬೈ ಬೈ, ಮಾತಾಡಾಕ ಬರಾಕತ್ತೈತಿ ಅಂದ್ರ ಹದಾ ಬರೋಬ್ಬರಿ ಐತಿ" ಎನ್ನುತ್ತಿದ್ದ ಬೀರಣ್ಣ. ಕೆಲವರು ಬಿಟ್ಟರು, ಕೆಲವರು ವರ್ಗವಾಗಿ ಹೋದರು. ಪ್ರತಿ ಮಳೆಗಾಲ ಎಲ್ಲರ ಉಸಿರೂ ಕರಗುವುದು, ಪ್ರತಿ ಸೆಪ್ಟೆಂಬರ್ ಒಂದು ಕಂಬದಿಂದ ಸುರುಮಾಡುವುದು. ಹೀಗೆ ಆರು ವರ್ಷ ನಡೆಯಿತು.

ಎಂಬತ್ತನಾಲ್ಕರ ಜುಲೈನಲ್ಲಿ ಒಂದು ಬೆಳಿಗ್ಗೆ ಹಣಮಪ್ಪನ ಪಾಲಿನಲ್ಲಿ ದೊಡ್ಡ ಮತ್ತಿ ಮರ ಹಳಿಗೆ ಅಡ್ಡ ಬಿದ್ದಿತು. ಅವನು ಮಳೆಯಲ್ಲೇ ಓಡಿದ, ಹದಿನಾಲ್ಕನೇ ಕಂಬದಲ್ಲಿ ಪಟಾಕಿ ಕಟ್ಟಿದ, ಗಾಡಿ ಮರದಿಂದ ಬಹಳ ದೂರದಲ್ಲೇ ನಿಂತಿತು. ಮರ ಡ್ರೈವರನಿಗೆ ಕಾಣಲೂ ಇಲ್ಲ. ಯಾಕೆ ತಡಮಾಡಿಸಿದಿರೆಂದು ಪ್ರಯಾಣಿಕರು ಗೊಣಗಿದರು. ಹಾರವಿಲ್ಲ, ಭಾಷಣವಿಲ್ಲ.

ಬೀರಣ್ಣನಿಗೆ ಅದು ಗೊತ್ತಾದದ್ದು ಮೂರು ದಿನದ ಮೇಲೆ, ಸ್ಟೇಷನ್ನಿನ ಚಹದ ಅಂಗಡಿಯಲ್ಲಿ, ಹಣಮಪ್ಪನ ಬಾಯಿಂದಲೇ.

"ಹತ್ತನೇ ಕಂಬದಾಗ ಪಕ್ಕಿ ಹಿಡೀತು" ಎಂದ ಹಣಮಪ್ಪ. "ನಿನ್ನ ಬೈಕೋಂತ ಹದಾ ತಗ್ಗಿಸಿದೆ. ಸಾಕಾತು ನೋಡು, ಉಸುರು."

"ಸಾಕಾತಲ್ಲ" ಎಂದ ಬೀರಣ್ಣ. ಮುಖ ಆ ಕಡೆ ತಿರುಗಿಸಿ, ಚಹ ಮುಗಿಸಿ, ಮನೆಗೆ ನಡೆದ. ಐವತ್ತೆರಡರ ಮಂಡಿಗಳು ಏರಿನಲ್ಲಿ ಕಟಕಟ ಎಂದವು. ಸತ್ಯವ್ವ ಏನಾಯಿತೆಂದು ಕೇಳಿದ್ದಕ್ಕೆ, "ಏನಿಲ್ಲ, ದಣಿವಾಗೈತಿ, ಒಂದೀಟು ಮಲಗ್ತೀನಿ" ಎಂದು ಕಂಬಳಿ ಎಳೆದುಕೊಂಡ. ಹೊರಗೆ ಮಳೆ ಬೀಳುತ್ತಲೇ ಇತ್ತು. ಅವಳು ಊಟಕ್ಕೆ ಎಬ್ಬಿಸಲು ಎರಡು ಸಲ ಬಂದಳು. ಬೀರಣ್ಣ ಏಳಲಿಲ್ಲ, ಸಣ್ಣಗೆ ಗೊರಕೆ ಹೊಡೆಯುತ್ತ ಬೆಳಗಿನತನಕ ಮಗ್ಗಲು ಕೂಡ ಬದಲಿಸದೆ ನಿದ್ದೆ ಮಾಡಿದ.