ಒಂದೇ ಸಾಲಿನ ಉತ್ತರ

ಒಂದೇ ಸಾಲಿನ ಸರಿ ಉತ್ತರ ಕಂಡರೆ ಮೇಷ್ಟ್ರಾದ ನನಗೆ ಮೊದಲು ಬರುವುದು ಅನುಮಾನ.

ಪರೀಕ್ಷೆಯಲ್ಲಿ ಮೂರು ವೆಕ್ಟರ್, ಅಂದರೆ ಸಂಖ್ಯೆಗಳ ಮೂರು ಸಾಲು ಕೊಟ್ಟು, ಅವು ಸ್ವತಂತ್ರವೋ ಅಲ್ಲವೋ ಎಂದು ಕೇಳಿದ್ದೆ. ಉಳಿದೆರಡನ್ನು ಯಾವುದಾದರೂ ಸಂಖ್ಯೆಗಳಿಂದ ಗುಣಿಸಿ, ಕೂಡಿಸಿ ಒಂದನ್ನು ಪಡೆಯಬಹುದಾದರೆ ಸ್ವತಂತ್ರವಲ್ಲ, ಅಷ್ಟೇ. ಮಿಕ್ಕವರೆಲ್ಲ ಪುಟಗಟ್ಟಲೆ ಲೆಕ್ಕ ಮಾಡಿದ್ದರು. ಶಿಡ್ಲಘಟ್ಟದಿಂದ ಬರುವ ಹುಡುಗಿಯೊಬ್ಬಳು ಮಾತ್ರ, "ಸ್ವತಂತ್ರವಲ್ಲ. ಮೊದಲನೆಯದರ ಎರಡರಷ್ಟಕ್ಕೆ ಎರಡನೆಯದನ್ನು ಸೇರಿಸಿದರೆ ಮೂರನೆಯದು" ಎಂದು ಬರೆದು ಮುಗಿಸಿದ್ದಳು.

ಕಾಪಿ ಹೊಡೆದಿದ್ದಾಳೆ ಅಂದುಕೊಂಡು ಸ್ಟಾಫ್ ರೂಮಿಗೆ ಕರೆಸಿದೆ.

"ಏನಮ್ಮಾ, ಲೆಕ್ಕ ಎಲ್ಲಿ?"

"ನೋಡಿದ್ರೆ ಗೊತ್ತಾಗುತ್ತಲ್ವಾ ಸರ್? ನಮ್ಮಮ್ಮ ರೇಷ್ಮೆ ಗೂಡು ಕೊಳ್ಳೋಕೆ ಮಾರ್ಕೆಟ್‌ಗೆ ಹೋದ್ರೆ, ಮೂರನೇ ರಾಶಿಗೆ ಕೈ ಹಾಕಿದ ತಕ್ಷಣ 'ಇದು ಆ ಎರಡು ರಾಶೀದೇ ಬೆರಕೆ' ಅಂತಾರೆ. ನಾನೂ ಮೊದಲು ಬೆರಕೇನೇ ಹುಡುಕ್ತೀನಿ."

ನಂಬಿಕೆ ಬರಲಿಲ್ಲ. "ಹಂಗಾದ್ರೆ ಇದನ್ನ ಮಾಡು ನೋಡೋಣ" ಎಂದು ಹಾಳೆಯಲ್ಲಿ ಬೇರೆ ಮೂರು ವೆಕ್ಟರ್ ಬರೆದುಕೊಟ್ಟೆ: (2, 4, 8), (6, 2, 4), (10, 10, 20).

ಅವಳು ಪೆನ್ನು ಮುಟ್ಟಲಿಲ್ಲ. ಹಾಳೆ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅವಳಮ್ಮ ಗೂಡು ಮಾರುವವರನ್ನು ಹಾಗೇ ನೋಡುತ್ತಿರಬೇಕು.

"ಸರ್, ಇದು ಪರೀಕ್ಷೇಲಿ ಬಂದಿದ್ದೇ ಅಲ್ವಾ? ಎಲ್ಲಾನೂ ಎರಡರಿಂದ ಗುಣಿಸಿದ್ದೀರ."

ಹೌದು. ಹೊಸ ಲೆಕ್ಕ ಕಟ್ಟಲು ನನಗೆ ಸೋಮಾರಿತನ. ಪೂರ್ತಿ ಅಂಕ ಕೊಟ್ಟು ಕಳಿಸಿದೆ. ಕಾಪಿ ಹೊಡೆದವರೊಬ್ಬರು ಅವತ್ತು ಸಿಕ್ಕಿಬಿದ್ದಿದ್ದು ನಿಜ, ಪ್ರಿನ್ಸಿಪಾಲರಿಗೆ ಮಾತ್ರ ವರದಿ ಹೋಗಲಿಲ್ಲ.